ಹಸಿರುಮನೆಯ ಕೆಳಗೆ ಪೈಪು ಹೂಳುವ ಮುಂಚೆ ಒಂದು ಗುಂಡಿ ತೆಗೆದು ನೋಡಿ

ಬೆಳಗಿನ ಜಾವ ನಾಲ್ಕೂವರೆ. ಟಾರ್ಚ್ ಹಿಡಿದುಕೊಂಡು ಹಸಿರುಮನೆಯ ಬಾಗಿಲು ತೆಗೆದೆ. ಫ್ಯಾನು ಓಡುತ್ತಿತ್ತು. ಆದರೆ ಎಂದಿನ ಗುಂಯ್ ಅನ್ನುವ ಸದ್ದಿರಲಿಲ್ಲ. ನೆಲದ ಕೆಳಗಿನಿಂದ ಗುಳುಗುಳು ಅಂತ, ಬಾಟಲಿಯಿಂದ ನೀರು ಬಗ್ಗಿಸುವಾಗ ಬರುತ್ತದಲ್ಲ, ಆ ಸದ್ದು. ಹೊರಗೆ ಮೈನಸ್ 6 ಡಿಗ್ರಿ. ಒಳಗೆ ಎದೆಮಟ್ಟದಲ್ಲಿ ನೇತುಹಾಕಿದ್ದ ಥರ್ಮಾಮೀಟರ್ 1 ಡಿಗ್ರಿ ತೋರಿಸುತ್ತಿತ್ತು. ಗೋಡೆಯ ಪಕ್ಕದ ಸಾಲಿನಲ್ಲಿ, ನೆಲಮಟ್ಟದಲ್ಲಿ, ಅದಕ್ಕಿಂತಲೂ ಕಡಿಮೆ ಇತ್ತು ಅನ್ನುವುದು ಗಿಡ ನೋಡಿದರೇ ಗೊತ್ತಾಗುತ್ತಿತ್ತು. ಟೊಮೆಟೊ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪು ಹಸಿರಾಗಿ ಜೋತುಬಿದ್ದಿದ್ದವು. ಮುಟ್ಟಿದರೆ ಬೆರಳಿಗೆ ನೀರು ಅಂಟಿತು. ಸೌತೆ ಬಳ್ಳಿಯಂತೂ ಬುಡದಿಂದಲೇ ಹೋಗಿತ್ತು.

ನೆಲದಡಿಯಲ್ಲಿ ಬಿಸಿ ಕೂಡಿಟ್ಟು ಚಳಿಗಾಲದಲ್ಲೂ ತರಕಾರಿ ಬೆಳೆಯಬೇಕು ಅನ್ನುವ ಆಸೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪದ್ಧತಿಯೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಒಂದು ಸಲ ಮಣ್ಣು ಮುಚ್ಚಿದ ಮೇಲೆ ಕೆಳಗೆ ಏನು ತಪ್ಪಾದರೂ ನಿಮ್ಮ ಕೈಗೆ ಸಿಗುವುದಿಲ್ಲ. ಹಾಗಾಗಿ ನೋಡುವುದನ್ನೆಲ್ಲ ಮುಚ್ಚುವ ಮುಂಚೆಯೇ ನೋಡಬೇಕು. ನಾನು ನೋಡಲಿಲ್ಲ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಹಗಲು ಬಿಸಿಲಿಗೆ ಹಸಿರುಮನೆಯ ಒಳಗಿನ ಗಾಳಿ ಕಾಯುತ್ತದೆ. ಚಳಿಗಾಲದಲ್ಲೂ ಒಳ್ಳೆ ಬಿಸಿಲಿದ್ದರೆ 30 ಡಿಗ್ರಿ ದಾಟುತ್ತದೆ. ಮೇಲೆ ಸೇರುವ ಆ ಬಿಸಿ ಗಾಳಿಯನ್ನು ಫ್ಯಾನು ಎಳೆದು ನೆಲದೊಳಗಿನ ಪೈಪುಗಳಿಗೆ ನೂಕುತ್ತದೆ. ಗಾಳಿ ತನ್ನ ಬಿಸಿಯನ್ನು ಮಣ್ಣಿಗೆ ಕೊಟ್ಟು ತಣ್ಣಗಾಗಿ ಹೊರಗೆ ಬರುತ್ತದೆ. ರಾತ್ರಿ ಅದೇ ಪೈಪುಗಳಲ್ಲಿ ತಣ್ಣನೆ ಗಾಳಿ ಹರಿದು ಬೆಚ್ಚಗಾಗಿ ಬರುತ್ತದೆ. ಬರೀ ಬಿಸಿಯಲ್ಲ, ಗಾಳಿಯಲ್ಲಿರುವ ತೇವವೂ ತಣ್ಣನೆ ಪೈಪಿನ ಗೋಡೆಗೆ ತಾಗಿ ನೀರಾಗುತ್ತದೆ. ಒಂದು ಲೀಟರ್ ನೀರು ಹೀಗೆ ಇಳಿದರೆ ಸುಮಾರು 0.7 ಯೂನಿಟ್ ವಿದ್ಯುತ್ತಿನಷ್ಟು ಬಿಸಿ ಮಣ್ಣಿಗೆ ಸೇರುತ್ತದೆ. ಅಂದರೆ ಪೈಪಿನೊಳಗೆ ನೀರು ಬರುವುದು ದೋಷವಲ್ಲ, ಅದು ಈ ಪದ್ಧತಿಯ ಜೀವಾಳ. ಆ ನೀರು ಇಂಗಲಿ ಅಂತಲೇ ಪೈಪಿನ ತುಂಬ ಸಣ್ಣ ತೂತುಗಳಿರುತ್ತವೆ. ನನ್ನ ತೊಂದರೆ ಶುರುವಾದದ್ದು ಆ ತೂತುಗಳಿಂದಲೇ.

ನನ್ನ ಹಸಿರುಮನೆ 6 ಮೀಟರ್ ಉದ್ದ, 4 ಮೀಟರ್ ಅಗಲ. ಎರಡು ಪದರದ ಪಾಲಿಕಾರ್ಬೊನೇಟ್ ಶೀಟು. ಇಂಥ ಕೆಲಸ ಮಾಡಿಕೊಡುವ ಒಬ್ಬರಿಗೆ ವಹಿಸಿದೆ. ಅವರು ತೋರಿಸಿದ ಫೋಟೋಗಳು ಚೆನ್ನಾಗಿದ್ದವು. ಎಲ್ಲವೂ ಎತ್ತರದ, ಕಲ್ಲುಮಿಶ್ರಿತ ಒಣ ನೆಲದಲ್ಲಿ ಕಟ್ಟಿದವು ಅಂತ ಆಮೇಲೆ ಗಮನಿಸಿದೆ. ನನ್ನದು ತಗ್ಗಿನ ಜಾಗ, ಜೇಡಿ ಮಣ್ಣು. ಬೇಸಿಗೆಯ ಕೊನೆಯಲ್ಲಿ ಜೆಸಿಬಿ ತಂದು ಅಗೆಸಿದರು. ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. "ನೀರು ಎಲ್ಲಿದೆ ನೋಡಿ, ಪುಡಿಪುಡಿ ಮಣ್ಣು" ಅಂದರು. ನನಗೂ ಸರಿ ಅನ್ನಿಸಿತು. ವರ್ಷದಲ್ಲೇ ಅತಿ ಒಣಗಿದ ವಾರದಲ್ಲಿ ಗುಂಡಿ ನೋಡಿ ನೆಲದ ಗುಣ ತೀರ್ಮಾನ ಮಾಡಿಬಿಟ್ಟೆವು.

4 ಇಂಚಿನ ತೂತಿನ ಪೈಪು ಹತ್ತು. ಐದು 60 ಸೆಂಟಿಮೀಟರ್ ಆಳದಲ್ಲಿ, ಐದು 1.1 ಮೀಟರ್ ಆಳದಲ್ಲಿ. ಮಟ್ಟಗೋಲು ಇಟ್ಟು ಸಮವಾಗಿ ಹಾಕಿದರು. ಇಷ್ಟು ನೀಟಾಗಿ ಹಾಕಿದ್ದಾರಲ್ಲ ಅಂತ ಖುಷಿಪಟ್ಟಿದ್ದೆ. "ನೀರು ಹರಿದುಹೋಗೋಕೆ ಸ್ವಲ್ಪ ವಾಟ ಬೇಡ್ವಾ?" ಅಂತ ಒಂದು ಸಲ ಕೇಳಿದ್ದು ನೆನಪಿದೆ. "ಏನೂ ಆಗಲ್ಲ ಬಿಡಿ, ಮಣ್ಣೇ ಕುಡಿದುಬಿಡುತ್ತೆ" ಅಂದರು. ಗೋಡೆಗುಂಟ ನೆಲದೊಳಗೆ ಫೋಮ್ ಹಲಗೆ ಹಾಕುವ ಮಾತು ಬಂದಾಗ, ಸುಮ್ನೆ ಖರ್ಚು, ಮಣ್ಣೇ ಕಂಬಳಿ ಇದ್ದ ಹಾಗೆ ಅಂದರು. ಅದನ್ನೂ ಒಪ್ಪಿಕೊಂಡೆ.

ಮೊದಲ ಎರಡು ತಿಂಗಳು ನಿಜಕ್ಕೂ ಚೆನ್ನಾಗಿತ್ತು. ರಾತ್ರಿ 12 ಡಿಗ್ರಿಯ ಗಾಳಿ ಪೈಪಿನೊಳಗೆ ಹೋಗಿ 18 ಡಿಗ್ರಿಯಾಗಿ ಬರುತ್ತಿತ್ತು. ಪೈಪಿನ ಬಾಯಿಗೆ ಕೈ ಒಡ್ಡಿ ಕೂತಿರುತ್ತಿದ್ದೆ.

ಆಮೇಲೆ ಹಿಮ ಬೀಳುವ ಬೆಳಗುಗಳು ಶುರುವಾದವು. ಒಂದು ದಿನ ನೋಡಿದರೆ ಸುತ್ತಲಿನ ಹುಲ್ಲೆಲ್ಲ ಬೆಳ್ಳಗಾಗಿದೆ, ಹಸಿರುಮನೆಯ ಗೋಡೆಗುಂಟ ಹೊರಗಡೆ ಮಾತ್ರ ಒಂದೂವರೆ ಅಡಿ ಅಗಲದ ಪಟ್ಟಿ ಹಸಿರಾಗೇ ಇದೆ. ಹಿಮವೇ ಕೂತಿಲ್ಲ. ಎಷ್ಟು ಬಿಸಿ ಕೂಡಿದೆ ನೋಡಿ ಅಂತ ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ಒಬ್ಬರು ಮಾತ್ರ ಫೋನ್ ಮಾಡಿ ಮೆಲ್ಲಗೆ ಹೇಳಿದರು: "ಅದು ನಿಮ್ಮ ಗಿಡಕ್ಕೆ ಸೇರಬೇಕಾದ ಬಿಸಿ ಅಲ್ವಾ? ಹುಲ್ಲಿಗೆ ಯಾಕೆ ಹೋಗ್ತಿದೆ?" ಆ ಮಾತು ಕೇಳಿ ಎದೆ ಧಸಕ್ ಅಂದಿತು. ಮಣ್ಣು ಕಂಬಳಿಯಲ್ಲ. ಬಿಸಿಯನ್ನು ಹಿಡಿದಿಡುತ್ತದೆ ನಿಜ, ಆದರೆ ಪಕ್ಕದ ತಣ್ಣನೆ ಮಣ್ಣಿಗೆ ಹಂಚುತ್ತಲೂ ಇರುತ್ತದೆ. ಒದ್ದೆ ಮಣ್ಣಾದರೆ ಇನ್ನೂ ಬೇಗ ಹಂಚುತ್ತದೆ.

ಮಳೆ ಹಿಡಿದುಕೊಂಡ ಮೇಲೆ ಗುಳುಗುಳು ಸದ್ದು ಶುರುವಾಯಿತು. ನಾನು ಫ್ಯಾನಿನ ಬೇರಿಂಗ್ ಹೋಗಿದೆ ಅಂದುಕೊಂಡೆ. ಗಿಡಗಳು ಸುಟ್ಟ ದಿನ ಬೆಳಿಗ್ಗೆ ಪೈಪುಗಳೆಲ್ಲ ಬಂದು ಕೂಡುವ ಡ್ರಮ್ಮಿನ ಮುಚ್ಚಳ ತೆಗೆದು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ದಾರ 35 ಸೆಂಟಿಮೀಟರ್ ಒದ್ದೆಯಾಗಿ ಬಂತು. ಕೆಳಗಿನ ಐದು ಪೈಪುಗಳೂ ಪೂರ್ತಿ ಮುಳುಗಿದ್ದವು. ಮೇಲಿನ ಪೈಪಿನೊಳಗೆ ಕೈ ಹಾಕಿದೆ. ಮಣ್ಣು ಕುಸಿದು ಕೂತ ಕಡೆ ಪೈಪು ತಗ್ಗಾಗಿ, ಅಲ್ಲೂ ನೀರು ನಿಂತಿತ್ತು. ಬೆರಳಿಗೆ ಕಂದು ಬಣ್ಣದ ಲೋಳೆ ಬಂತು, ಹಳೆಯ ನೆಲಮಾಳಿಗೆಯ ವಾಸನೆ. ನೀರು ಇಂಗಿ ಹೋಗಲಿ ಅಂತ ಇದ್ದ ತೂತುಗಳಿಂದಲೇ ಅಂತರ್ಜಲ ಒಳಗೆ ಬಂದಿತ್ತು. ಪೈಪಿನ ಮೇಲೆ ಬಟ್ಟೆ ಸುತ್ತಿರಲಿಲ್ಲ, ಹಾಗಾಗಿ ನೀರಿನ ಜತೆ ಜೇಡಿಯೂ ಬಂತು. ಗಾಳಿ ಒಳಗೆ ಹೋಗುವಾಗ 4 ಡಿಗ್ರಿ, ಹೊರಗೆ ಬರುವಾಗ 4.6. ಇಷ್ಟಕ್ಕೆ ರಾತ್ರಿಯಿಡೀ ಕರೆಂಟು ಉರಿಸಿದ್ದೆ.

ಇನ್ನೊಂದು ಹಾನಿ ನಿಧಾನಕ್ಕೆ ಗೊತ್ತಾಯಿತು. ಪೈಪು ಸರಿಯಾಗಿದ್ದರೆ ಹಗಲು ಗಾಳಿಯ ತೇವವನ್ನು ಇಳಿಸಿಕೊಳ್ಳುತ್ತದೆ, ಗಿಡಕ್ಕೆ ಒಳ್ಳೆಯದು. ಪೈಪಿನಲ್ಲಿ ನೀರು ನಿಂತರೆ ಉಲ್ಟಾ. ಹೊರಗೆ ಬರುವ ಗಾಳಿಯೇ ತೇವ ಹೊತ್ತು ತರುತ್ತದೆ. ಉಳಿದ ಟೊಮೆಟೊ ಗಿಡಗಳ ಕಾಂಡಕ್ಕೆ ಬೂದು ಬೂಷ್ಟು ಹಿಡಿಯಿತು. ಎಲೆ ಕಿತ್ತ ಗಾಯದಲ್ಲೇ ಮೊದಲು ಕಾಣಿಸಿಕೊಂಡಿತು. ಅಲ್ಲಾಡಿಸಿದರೆ ಹೊಗೆಯ ಹಾಗೆ ಪುಡಿ ಏಳುತ್ತಿತ್ತು. ಹಸಿರುಮನೆಯನ್ನು ಮನೆಯ ಗೋಡೆಗೆ ಅಂಟಿಸಿ ಕಟ್ಟುವವರು ಇದನ್ನು ವಿಶೇಷವಾಗಿ ಯೋಚಿಸಬೇಕು. ಆ ಗಾಳಿ ನಿಮ್ಮ ಮನೆಯೊಳಗೇ ಬರುತ್ತದೆ. ರೇಡಾನ್ (ಮಣ್ಣಿನಿಂದ ಹೊರಬರುವ, ಶ್ವಾಸಕೋಶಕ್ಕೆ ಅಪಾಯಕಾರಿಯಾದ ವಿಕಿರಣ ಅನಿಲ) ಇರುವ ನೆಲವಾದರೆ ತೂತಿನ ಪೈಪು ಅದನ್ನೂ ಎಳೆದು ತರುತ್ತದೆ.

ಕೆಲಸ ಮಾಡಿಕೊಟ್ಟವರಿಗೆ ಫೋನ್ ಮಾಡಿದಾಗ ಅವರು "ಈ ವರ್ಷ ಮಳೆ ಜಾಸ್ತಿ, ಮುಂದಿನ ವರ್ಷ ಸರಿಹೋಗುತ್ತೆ" ಅಂದರು. ಎರಡನೇ ಸಲದಿಂದ ಫೋನ್ ಎತ್ತಲಿಲ್ಲ. ಬರೆದುಕೊಟ್ಟ ಒಪ್ಪಂದದಲ್ಲಿ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನೂ ಕೇಳಿ ಬರೆಸಿರಲಿಲ್ಲ.

ನೀರೇ ಬರದಿದ್ದರೂ ಆ ರಾತ್ರಿ ಗಿಡ ಉಳಿಯುತ್ತಿತ್ತಾ? ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಇದನ್ನು ಕಟ್ಟುವ ಮುಂಚೆ ಹಾಕಬೇಕಿತ್ತು. ನನ್ನ ಗೋಡೆ, ಮಾಡು ಎಲ್ಲ ಸೇರಿ ಸುಮಾರು 70 ಚದರ ಮೀಟರ್ ಶೀಟು. ಎರಡು ಪದರದ ಶೀಟಿನಲ್ಲಿ ಒಂದು ಚದರ ಮೀಟರ್‌ನಿಂದ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸಕ್ಕೆ, 3 ವ್ಯಾಟ್ ಹತ್ತಿರ ಬಿಸಿ ಸೋರುತ್ತದೆ. ಹೊರಗಿಗಿಂತ 15 ಡಿಗ್ರಿ ಬೆಚ್ಚಗಿಡಬೇಕು ಅಂದರೆ 3,000 ವ್ಯಾಟ್‌ಗೂ ಜಾಸ್ತಿ ಬೇಕು, ಅದೂ ರಾತ್ರಿಯಿಡೀ. ನನ್ನ ಫ್ಯಾನು ಗಂಟೆಗೆ 500 ಘನ ಮೀಟರ್ ಗಾಳಿ ನೂಕುತ್ತದೆ. ಒಂದು ಘನ ಮೀಟರ್ ಗಾಳಿ ಒಂದು ಡಿಗ್ರಿಗೆ ಹೊರುವುದು ಬರೀ 1.2 ಕಿಲೋಜೌಲ್. ಗಾಳಿ 7 ಡಿಗ್ರಿ ಬಿಸಿಯಾಗಿ ಬಂದರೂ ಸಿಗುವುದು 1,200 ವ್ಯಾಟ್‌ಗಿಂತ ಕಡಿಮೆ. ಬೇಕಾದದ್ದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಮೇಲೆ. ಮಣ್ಣಿನಲ್ಲಿ ಬಿಸಿ ಎಷ್ಟೇ ಇರಲಿ, ಅದನ್ನು ಹೊತ್ತು ತರುವ ಗಾಳಿಯ ಶಕ್ತಿಯೇ ಇಷ್ಟು. ಮೈನಸ್ 6ರಲ್ಲಿ ಟೊಮೆಟೊ ಅನ್ನುವ ಮಾತನ್ನು ಇಂಥ ಲೆಕ್ಕ ತೋರಿಸದೆ ಯಾರೇ ಹೇಳಿದರೂ ನಂಬಬೇಡಿ.

ಇಲ್ಲಿ ಇನ್ನೊಂದು ಗೊಂದಲ ಇದೆ, ನಾನೂ ಅದರಲ್ಲಿ ಬಿದ್ದವನೇ. ಅಮೆರಿಕದ ನೆಬ್ರಾಸ್ಕಾದಲ್ಲಿ ರಸ್ ಫಿಂಚ್ ಅನ್ನುವ ನಿವೃತ್ತ ಅಂಚೆಯವರು ಕಿತ್ತಳೆ, ನಿಂಬೆ ಬೆಳೆದ ಸುದ್ದಿ ಎಲ್ಲರೂ ಕೇಳಿರುತ್ತೀರಿ. ಅವರ ಪೈಪು 8 ಅಡಿ ಆಳದಲ್ಲಿ, ಹಸಿರುಮನೆಯ ಹೊರಗೆ ದೂರದವರೆಗೆ ಹೋಗುತ್ತದೆ. ಅಷ್ಟು ಆಳದಲ್ಲಿ ಭೂಮಿ ವರ್ಷಪೂರ್ತಿ ಹೆಚ್ಚುಕಮ್ಮಿ ಒಂದೇ ಬೆಚ್ಚಗಿರುತ್ತದೆ, ಅದನ್ನು ಎಳೆದುಕೊಳ್ಳುವುದು ಆ ಪದ್ಧತಿ. ಕೊಲೊರಾಡೊದ ಬೆಟ್ಟದಲ್ಲಿ ಜೆರೋಮ್ ಒಸೆಂಟೋವ್‌ಸ್ಕಿ ಮಾಡಿದ್ದು ಬೇರೆ. ಹಗಲಿನ ಬಿಸಿಲನ್ನೇ ತನ್ನ ನೆಲದಡಿ ಕೂಡಿಡುವುದು. ನನ್ನದು ಈ ಎರಡನೆಯದು. ಇದರಲ್ಲಿ ಹಗಲು ಬಿಸಿಲು ಬಂದರೆ ಮಾತ್ರ ಕೂಡುತ್ತದೆ. ವಾರಗಟ್ಟಲೆ ಮೋಡ ಕವಿದರೆ ಕೂಡಿದ್ದು ಖಾಲಿ. ಫಿಂಚ್ ಅವರ ಹಣ್ಣು ತೋರಿಸಿ ಇದನ್ನು ಮಾರಿದರೆ ಅದು ಮೋಸ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಹಸಿರುಮನೆ ಬರುವ ಜಾಗದಲ್ಲೇ, ಪೈಪು ಬರುವ ಆಳಕ್ಕಿಂತ ಅರ್ಧ ಮೀಟರ್ ಜಾಸ್ತಿ ಗುಂಡಿ ತೆಗೆಯಿರಿ. ಮೇಲೆ ತಗಡು ಮುಚ್ಚಿ, ಮಳೆ ನೀರು ನೇರವಾಗಿ ಬೀಳದ ಹಾಗೆ ಏರಿ ಕಟ್ಟಿ, ಮಳೆಗಾಲ ಪೂರ್ತಿ ಬಿಡಿ. ಹಿಮ ಕರಗುವ ಜಾಗವಾದರೆ ಅದು ಕರಗಿ ಮುಗಿಯುವವರೆಗೂ ಬಿಡಿ. ವಾರಕ್ಕೊಮ್ಮೆ ಕೋಲು ಇಳಿಸಿ ಅಳೆದು ಬರೆದಿಡಿ. ಒಂದು ವರ್ಷ ತಡವಾಗುತ್ತದೆ ಅಂತ ಬೇಜಾರಾಗಬಹುದು, ನನಗೂ ಆಗುತ್ತಿತ್ತು. ಆದರೂ ಕಾಯಿರಿ. ನೀರು ಪೈಪಿನ ಮಟ್ಟಕ್ಕೆ ಬಂತೋ, ಅಲ್ಲಿ ಪೈಪು ಹೂಳಲೇಬೇಡಿ. ಹೊರಗೆ ತಗ್ಗಿನ ಕಡೆಗೆ ಬಸಿಗಾಲುವೆ ತೆಗೆಯಲು ಜಾಗವಿದ್ದರೆ ಮಾತ್ರ ಮತ್ತೆ ಯೋಚಿಸಿ.

ಗುಂಡಿ ಒಣಗೇ ಉಳಿಯಿತು ಅಂದರೆ ಆಗಲೂ ಪೈಪಿಗೆ ವಾಟ ಕೊಡುವುದನ್ನು ಮರೆಯಬೇಡಿ. ಮೀಟರಿಗೆ ಒಂದು ಸೆಂಟಿಮೀಟರ್ ಸಾಕು, ಕೊನೆಗೆ ಪಂಪು ಇಳಿಯುವಷ್ಟು ಒಂದು ಚಿಕ್ಕ ಗುಂಡಿ ಇರಲಿ. ಪೈಪಿಗೆ ಬಟ್ಟೆ ಸುತ್ತಿಸಿ. ಪೈಪಿನ ಬಾಯಿಗಳಿಗೆ ಇಲಿ ನುಗ್ಗದ ಹಾಗೆ ಜಾಲರಿ. ಗೋಡೆಗುಂಟ ಕಡೇಪಕ್ಷ 60 ಸೆಂಟಿಮೀಟರ್ ಆಳಕ್ಕೆ, ಸಾಧ್ಯವಾದರೆ 1.2 ಮೀಟರ್‌ವರೆಗೆ, ನೀರು ಕುಡಿಯದ ಗಟ್ಟಿ ಫೋಮ್ ಹಲಗೆ ಇಳಿಸಿ. ಪ್ಯಾಕಿಂಗಿಗೆ ಬರುವ ಬಿಳಿ ಥರ್ಮೋಕೋಲ್ ಬೇಡ, ಒದ್ದೆಯಾದರೆ ಕೆಲಸಕ್ಕೆ ಬರುವುದಿಲ್ಲ. ಮಣ್ಣಿನೊಳಗೆ ಎರಡು ಮೂರು ಕಡೆ ತಾಪ ಅಳೆಯುವ ತಂತಿ ಹೂತಿಡಿ. ಮಣ್ಣು ಗಾಳಿಗಿಂತ ತಣ್ಣಗಿರುವಾಗಲೂ ರಾತ್ರಿ ಫ್ಯಾನು ಓಡುತ್ತಿದ್ದರೆ ಅದು ಗಿಡಗಳನ್ನು ಇನ್ನಷ್ಟು ತಣ್ಣಗೆ ಮಾಡುತ್ತಿರುತ್ತದೆ. ನನ್ನ ಥರ್ಮೋಸ್ಟಾಟ್ ಗಾಳಿಯನ್ನು ಮಾತ್ರ ನೋಡುತ್ತಿತ್ತು.

ಈಗ ನಾನು ಪೈಪುಗಳ ಬಾಯಿ ಮುಚ್ಚಿದ್ದೇನೆ. ಒಳಗೆ ಬಿಸಿಲು ಬೀಳುವ ಕಡೆ 200 ಲೀಟರಿನ ಕಪ್ಪು ಡ್ರಮ್ಮು ಎಂಟು ಇಟ್ಟು ನೀರು ತುಂಬಿದ್ದೇನೆ. ಒಂದು ಡ್ರಮ್ಮು 10 ಡಿಗ್ರಿ ತಣ್ಣಗಾದರೆ ಎರಡು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬಿಸಿ ಬಿಡುತ್ತದೆ. ಸೋರಿದರೆ ಕಣ್ಣಿಗೆ ಕಾಣುತ್ತದೆ, ಬೇಡವಾದರೆ ಎತ್ತಿ ಆಚೆ ಇಡಬಹುದು. ಚಳಿಗಾಲದಲ್ಲಿ ಟೊಮೆಟೊ ಬೆಳೆಯುವ ಆಸೆ ಬಿಟ್ಟು ಪಾಲಕ್, ಮೂಲಂಗಿ, ಎಲೆಕೋಸು ಹಾಕಿದ್ದೇನೆ. ರಾತ್ರಿ ಪಾತಿಯ ಮೇಲೆ ಬಿಳಿ ಬಟ್ಟೆ ಹೊದಿಸುತ್ತೇನೆ. ಗೋಡೆಯ ಹೊರಗೆ ಸುತ್ತಲೂ ನಾನೇ ಗುದ್ದಲಿ ಹಿಡಿದು ಅಗೆದು ಫೋಮ್ ಹಲಗೆ ಇಳಿಸಿದೆ, ನಾಲ್ಕು ಭಾನುವಾರ ಹಿಡಿಯಿತು. ಮೊನ್ನೆ ಬೆಳಿಗ್ಗೆ ಹೋಗಿ ನೋಡಿದೆ. ಹುಲ್ಲಿನ ಮೇಲೆ ಹಿಮ ಗೋಡೆಯ ಬುಡದವರೆಗೂ ಬೆಳ್ಳಗೆ ಕೂತಿತ್ತು.