ಫಲ್ಗುಣಿಯಲ್ಲಿ ಕಯಾಕ್: ಗಡಿಯಾರ ಬಿಟ್ಟು ಭರತ ನೋಡಿ ಹೊರಡಿ

ಮಂಗಳೂರಿನ ಕೂಳೂರಿಗೂ ಸುಲ್ತಾನ್ ಬತ್ತೇರಿಗೂ ನಡುವೆ ಫಲ್ಗುಣಿ ನದಿಯ ಕಡವೊಂದರಿಂದ ಕಯಾಕ್ ಬಾಡಿಗೆಗೆ ಕೊಟ್ಟು, ಜೊತೆಗೊಬ್ಬ ಮಾರ್ಗದರ್ಶಿಯನ್ನೂ ಕಳುಹಿಸುವ ಸಣ್ಣ ಸಂಸ್ಥೆಯೊಂದರ ಸೇವೆಯನ್ನು ಈ ಬೇಸಿಗೆಯಲ್ಲಿ ನಾನು ಎರಡು ಸಲ ಪಡೆದೆ. ಮೊದಲನೆಯದು ಏಪ್ರಿಲ್ ತಿಂಗಳ ಒಂದು ಸಂಜೆ. ಎರಡನೆಯದು ಅದಾಗಿ ಹನ್ನೆರಡು ದಿನಗಳ ಬಳಿಕ, ಮುಂಜಾನೆ. ಎರಡು ಗಂಟೆಗೆ ತಲಾ 800 ರೂಪಾಯಿ ಎಂಬ ದರವೂ ನದಿಯೂ ಒಂದೇ ಆಗಿದ್ದರೂ, ಮೊದಲನೆಯದಕ್ಕೆ ಐದರಲ್ಲಿ ಎರಡು ಅಂಕ ಕೊಡಲು ನನ್ನ ಕೈ ಹಿಂಜರಿಯುತ್ತದೆ, ಎರಡನೆಯದಕ್ಕೆ ನಾಲ್ಕೂವರೆ ಕೊಟ್ಟರೂ ಕಡಿಮೆಯೆನಿಸುತ್ತದೆ. ಈ ಅಂತರಕ್ಕೆ ಕಾರಣ ಕಡಲಿನ ಭರತ-ಇಳಿತ. ಕಾದಿರಿಸುವಾಗ ಅದರ ಬಗ್ಗೆ ಯಾರೂ ಒಂದು ಮಾತನ್ನೂ ಹೇಳಲಿಲ್ಲ ಎಂಬುದೇ ಈ ಸಂಸ್ಥೆಯ ಮೇಲೆ ನನಗಿರುವ ಮುಖ್ಯ ಆಕ್ಷೇಪ.

ಮಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೂ ಈ ಹೊಳೆಯ ನಡೆ ಸರಿಯಾಗಿ ತಿಳಿದಿರುವುದಿಲ್ಲ. ಗುರುಪುರ ಹೊಳೆಯೆಂದೂ ಕರೆಸಿಕೊಳ್ಳುವ ಫಲ್ಗುಣಿ, ಕೂಳೂರು ದಾಟಿದ ಮೇಲೆ ನೇರವಾಗಿ ಕಡಲಿಗೆ ಬೀಳದೆ, ತಣ್ಣೀರುಬಾವಿ ಮತ್ತು ಬೆಂಗ್ರೆಯ ಮರಳು ಪಟ್ಟಿಯ ಮರೆಯಲ್ಲಿ ತೆಂಕಣಕ್ಕೆ ಹರಿದು, ಹಳೆ ಬಂದರಿನ ಬಳಿ ನೇತ್ರಾವತಿಯನ್ನು ಕೂಡಿಕೊಂಡು ಅಳಿವೆ ಬಾಗಿಲಿನಲ್ಲಿ ಸಮುದ್ರ ಸೇರುತ್ತದೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ತೀರಾ ಕಡಿಮೆ. ಇದ್ದಷ್ಟು ಸಿಹಿನೀರನ್ನೂ ಮರವೂರಿನ ಕಿಂಡಿ ಅಣೆಕಟ್ಟು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಏಪ್ರಿಲ್-ಮೇ ತಿಂಗಳುಗಳಲ್ಲಿ ಈ ಭಾಗದ ಹೊಳೆಯನ್ನು ಆಡಿಸುವುದೆಲ್ಲ ಸಮುದ್ರವೇ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಮತ್ತು ಆ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಸಂಸ್ಥೆಯ ವೇಳಾಪಟ್ಟಿ ಮಾತ್ರ ವರ್ಷವಿಡೀ ಬೆಳಗ್ಗೆ ಆರು ಮತ್ತು ಸಂಜೆ ನಾಲ್ಕೂವರೆ ಎಂದು ಕದಲದೆ ನಿಂತಿದೆ.

ಅದರ ಫಲವನ್ನು ಮೊದಲ ಸಂಜೆ ಉಂಡೆವು. ಅಕ್ಕನ ಮಗನನ್ನು ಮುಂದೆ ಕೂರಿಸಿಕೊಂಡು ಇಬ್ಬರು ಕೂರುವ ಕಯಾಕಿನಲ್ಲಿ ಕಾಂಡ್ಲಾವನದ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿನ) ಕಡೆಗೆ, ಅಂದರೆ ಮೇಲ್ಮುಖವಾಗಿ ಹೊರಟಾಗ, ಇಳಿತದ ನೀರು ಎದುರಿನಿಂದ ರಭಸವಾಗಿ ಬರುತ್ತಿತ್ತು. ಮಧ್ಯಾಹ್ನದ ನಂತರ ಕಡಲ ಕಡೆಯಿಂದ ಏಳುವ ವಾಯುವ್ಯದ ಗಾಳಿಯೂ ಮುಖಕ್ಕೇ ಬಡಿಯುತ್ತಿತ್ತು. ಸೆಕೆಯಲ್ಲಿ ಮುಕ್ಕಾಲು ಗಂಟೆ ಹುಟ್ಟು ಹಾಕಿದ ಮೇಲೂ ಎಡದಂಡೆಯ ಅದೇ ತೆಂಗಿನ ತೋಟ ನಮ್ಮ ಪಕ್ಕದಲ್ಲೇ ಇತ್ತು. ಕೊನೆಗೆ ಮಾರ್ಗದರ್ಶಿ ತನ್ನ ಕಯಾಕಿಗೆ ಹಗ್ಗ ಕಟ್ಟಿ ನಮ್ಮನ್ನು ಎಳೆಯಬೇಕಾಯಿತು. ಸೂರ್ಯಾಸ್ತ ಚೆನ್ನಾಗಿಯೇ ಇತ್ತು. ಆದರೆ ಅದನ್ನು ಪಣಂಬೂರಿನ ಮರಳಿನ ಮೇಲೆ ಕುಳಿತು ಪುಕ್ಕಟೆಯಾಗಿ ನೋಡಬಹುದಿತ್ತು.

ಮತ್ತೆ ಹೋಗುವ ಮನಸ್ಸಿರಲಿಲ್ಲ. ಆದರೂ ಭರತದ ಪಟ್ಟಿಯನ್ನು ಹುಡುಕಿ ತೆಗೆದು, ಇಳಿತ ಬೆಳಗಿನ 6:45ರ ಸುಮಾರಿಗೆ ಮುಗಿಯುವ ದಿನವೊಂದನ್ನು ಆರಿಸಿ, ನಸುಕಿನಲ್ಲೇ ಕಡವಿಗೆ ಹೋದೆವು. ಈ ಸಲ ಇಳಿಯುವ ನೀರಿನೊಂದಿಗೇ ಕೆಳಮುಖವಾಗಿ ಹೊರಟೆವು, ಹುಟ್ಟು ದಿಕ್ಕು ತಿದ್ದುವುದಕ್ಕಷ್ಟೇ ಬೇಕಾಯಿತು. ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕುವವರು, ಬಲೆಯ ಗೂಟಗಳ ಮೇಲೆ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಗಳು, ಇಳಿದ ನೀರು ಬಿಟ್ಟುಹೋದ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಒಡೆದ ಹೆಂಚಿನ ಚೂರುಗಳು. 1865ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಈ ಉದ್ಯಮ ಎರಡೂ ನದಿಗಳ ದಡದ ಜೇಡಿಮಣ್ಣನ್ನೇ ನಂಬಿ ಬೆಳೆಯಿತು. ಮಣ್ಣು, ಸೌದೆ, ಸುಟ್ಟ ಹೆಂಚು ಎಲ್ಲವೂ ದೋಣಿಗಳಲ್ಲೇ ಸಾಗುತ್ತಿದ್ದವು. ಇದನ್ನು ಓದಿ ತಿಳಿದಿದ್ದೆ, ಆದರೆ ಆ ಚೂರುಗಳನ್ನು ನೀರಿನ ಮಟ್ಟದಿಂದ ನೋಡಿದಾಗ ಊರು ಹೊಳೆಯ ಕಡೆಗೆ ಮುಖ ಮಾಡಿ ಬದುಕಿದ್ದ ಕಾಲ ಕಣ್ಣಿಗೆ ಕಟ್ಟಿತು.

ಬತ್ತೇರಿಯ ವಿಷಯವೂ ಹಾಗೆಯೇ. ಹೊಳೆಯೊಳಗೆ ಯುದ್ಧನೌಕೆಗಳು ನುಗ್ಗದಂತೆ ತಡೆಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಈ ಕಲ್ಲಿನ ಕಾವಲುಗೋಪುರ, ರಸ್ತೆಯಿಂದ ನೋಡುವವರಿಗೆ ಇಷ್ಟು ಚಿಕ್ಕದೇ ಎನಿಸುತ್ತದೆ. ಕಯಾಕಿನಲ್ಲಿ ಕುಳಿತು, ಫಿರಂಗಿಯ ಕಿಂಡಿಗಳು ನಮ್ಮ ತಲೆಯ ಮೇಲೇ ಗುರಿಯಿಟ್ಟಂತೆ ಕಂಡಾಗ ಅದರ ಜಾಗದ ಆಯ್ಕೆ ಅರ್ಥವಾಗುತ್ತದೆ. ಅಲ್ಲಿಂದ ಮುಂದಕ್ಕೆ ಸಂಸ್ಥೆಯವರು ಯಾರನ್ನೂ ಬಿಡುವುದಿಲ್ಲ. ದಕ್ಕೆಗೆ ಬಂದು ಹೋಗುವ ಟ್ರಾಲ್ ಬೋಟುಗಳು, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು, ಅಳಿವೆಯ ಸೆಳೆತ ಇವನ್ನು ನೆನೆದರೆ ಆ ನಿಯಮ ನೂರಕ್ಕೆ ನೂರು ಸರಿ.

ಬತ್ತೇರಿಯೆದುರು ನೀರು ಸ್ವಲ್ಪ ಹೊತ್ತು ನಿಂತಂತಾಯಿತು, ಬಳಿಕ ಭರತ ನಮ್ಮನ್ನು ಮೆಲ್ಲನೆ ಹಿಂದಕ್ಕೆ ಒಯ್ಯತೊಡಗಿತು. ಕಾಂಡ್ಲಾವನದ ಅಂಚಿಗೆ ಬಂದಾಗ ನೀರು ಇನ್ನೂ ಪೂರ್ತಿ ಏರಿರಲಿಲ್ಲವಾದ್ದರಿಂದ ಒಳಗೆ ನುಗ್ಗಲಾಗಲಿಲ್ಲ, ಆದರೆ ಊರುಗೋಲಿನಂಥ ಬೇರುಗಳೂ ತಾಯಿಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುವ ಬೀಜಗಳೂ ಸ್ಪಷ್ಟವಾಗಿ ಕಂಡವು. ಬೇರುಗಳಿಗೆ ಸುತ್ತಿಕೊಂಡ ಪ್ಲಾಸ್ಟಿಕ್ಕೂ ಅಷ್ಟೇ ಸ್ಪಷ್ಟವಾಗಿತ್ತು. ಪೇಟೆಯ ತೋಡೊಂದು ಹೊಳೆಗೆ ಸೇರುವ ಜಾಗವನ್ನು ಮೂಗು ಮುಚ್ಚಿಕೊಂಡೇ ದಾಟಬೇಕು.

ಸಲಕರಣೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೇಲೆ ಕೂರುವ ಮಾದರಿಯ ಕಯಾಕ್‌ಗಳು ಅಗಲವಾಗಿದ್ದು, ಈಜು ಬಾರದವರಿಗೂ ಧೈರ್ಯ ಕೊಡುತ್ತವೆ. ಲೈಫ್ ಜಾಕೆಟ್ ಕಡ್ಡಾಯ. ಆದರೆ ಮಕ್ಕಳ ಅಳತೆಯದು ಎರಡೇ ಇದ್ದು, ಒಂದರ ಕೊಂಡಿ ಮುರಿದಿತ್ತು. ಕೇಳಿದ ಮೇಲೆ ಬದಲಿಸಿದರು, ಕೇಳದಿದ್ದರೆ ಹಾಗೆಯೇ ಕಳುಹಿಸುತ್ತಿದ್ದರೇನೋ. ಬಟ್ಟೆ ಬದಲಿಸಲು ಟಾರ್ಪಾಲಿನ ಮರೆ ಮಾತ್ರ ಇದೆ, ಹೆಂಗಸರನ್ನು ಕರೆದೊಯ್ಯುವವರು ಇದನ್ನು ಗಮನಿಸಬೇಕು.

ಮೊದಲ ಸಂಜೆಯ ಮಾರ್ಗದರ್ಶಿ ಬಹುತೇಕ ಮೌನಿ. ಎರಡನೆಯವರು ಮೀನುಗಾರರ ಮನೆತನದವರು. ತಿಥಿ ಯಾವುದೆಂದು ಹೇಳಿದರೆ ಸಾಕು, ಅಂದು ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಬೆರಳೆಣಿಸಿ ಹೇಳುತ್ತಿದ್ದರು. ಇಂಥವರನ್ನು ಕೆಲಸಕ್ಕಿಟ್ಟುಕೊಂಡ ಸಂಸ್ಥೆ, ಗಿರಾಕಿ ಫೋನ್ ಮಾಡಿದಾಗ ಅವರನ್ನೊಂದು ಮಾತು ಕೇಳಿ ಹೊತ್ತು ಗೊತ್ತುಮಾಡಬಾರದೇಕೆ ಎಂದು ನಾನು ಕಚೇರಿಯಲ್ಲಿ ವಿಚಾರಿಸಿದೆ. ಸಂಜೆಗೇ ಬೇಡಿಕೆ ಹೆಚ್ಚು, ಎಲ್ಲರಿಗೂ ಸೂರ್ಯಾಸ್ತದ ಫೋಟೋ ಬೇಕು ಎಂಬ ಉತ್ತರ ಬಂತು.

ಹೋಗುವವರು ಮೇ ಮುಗಿಯುವುದರೊಳಗೆ ಹೋಗಬೇಕು. ಮಳೆ ಹಿಡಿದ ಮೇಲೆ ಕೆಂಪು ನೀರಿನ ಹೊಳೆಗೆ ಕಯಾಕ್ ಇಳಿಸುವುದಿಲ್ಲ. ಕಾಂಡ್ಲಾವನದ ಒಳಗೆ ಹೋಗುವ ಆಸೆಯಿದ್ದರೆ ಬೆಳಗ್ಗೆ ಎಂಟರ ಆಸುಪಾಸಿನಲ್ಲಿ ಭರತ ತುಂಬುವ ದಿನವನ್ನೂ, ಬತ್ತೇರಿ ನೋಡಬೇಕಿದ್ದರೆ ನಮ್ಮಂತೆ ಇಳಿತ ಮುಗಿಯುವ ಮುಂಜಾನೆಯನ್ನೂ ಆರಿಸಿಕೊಂಡು, ಆ ಎರಡನೆಯ ಮಾರ್ಗದರ್ಶಿಯೇ ಬೇಕೆಂದು ಮೊದಲೇ ತಿಳಿಸಿ. ನಾನೂ ತುಂಬು ಭರತದ ಒಂದು ಬೆಳಗಿಗೆಂದು ಮುಂಗಡ ಕೊಟ್ಟು ಬಂದಿದ್ದೇನೆ, ಮಗುವಿನ ಲೈಫ್ ಜಾಕೆಟನ್ನು ಮಾತ್ರ ಈ ಸಲ ಮನೆಯಿಂದಲೇ ಒಯ್ಯುತ್ತೇನೆ.