220 ಡಾಲರಿನ ಒಂದು ಗಂಟೆ: ಅಡಿಲೇಡಿನ ವೀಸಾ ಏಜೆಂಟ್ ಬಗ್ಗೆ ಒಬ್ಬ ಅಕೌಂಟೆಂಟ್ ಲೆಕ್ಕ

ಐದಕ್ಕೆ ನಾಲ್ಕು ಸ್ಟಾರ್. ಒಂದನ್ನು ಯಾಕೆ ಹಿಡಿದುಕೊಂಡೆ ಅನ್ನೋದನ್ನು ಆಮೇಲೆ ಹೇಳುತ್ತೇನೆ. ಏಜೆಂಟ್ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ‘ಎಷ್ಟು ಕಮಿಷನ್ ಸಿಕ್ತು’ ಅಂತ ಕೇಳುವವರು ನಮ್ಮ ವಾಟ್ಸಾಪ್ ಗ್ರೂಪಿನಲ್ಲೇ ನಾಲ್ಕು ಜನ ಇದ್ದಾರೆ.

ನಾನು ದಾವಣಗೆರೆಯವನು. 2013ರಲ್ಲಿ ಬಿ.ಕಾಂ. ಮುಗಿಸಿ, ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಏಳು ವರ್ಷ ಟ್ಯಾಲಿ ಕುಟ್ಟಿದೆ. 2022ರ ಫೆಬ್ರವರಿಯಲ್ಲಿ ಅಡಿಲೇಡಿಗೆ ಬಂದು ಎರಡು ವರ್ಷದ ಮಾಸ್ಟರ್ಸ್ ಮಾಡಿದೆ. 2024ರ ಮಾರ್ಚಿನಿಂದ ಇಲ್ಲಿನ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಕೆಲಸ. ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳ ರಿಟರ್ನ್ ತುಂಬುತ್ತೇನೆ. ಅವರ ಸಂಬಳ ನೋಡಿ ನಿಟ್ಟುಸಿರು ಬಿಡುವುದೂ ಕೆಲಸದ ಭಾಗವೇ.

ಈ ಏಜೆಂಟ್ ಯಾಕೆ ಇಷ್ಟವಾದರು ಅಂತ ಹೇಳಬೇಕಾದರೆ ಹಳೆಯ ಕಥೆ ಸ್ವಲ್ಪ ಬೇಕು. 2021ರಲ್ಲಿ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ 75,000 ರೂಪಾಯಿ ಕೊಟ್ಟಿದ್ದೆ. ಎಸಿ ರೂಮು, ಗೋಡೆ ತುಂಬ ಕಾಂಗರೂ, ಕಾಫಿ ಮಾತ್ರ ಒಳ್ಳೆಯ ಫಿಲ್ಟರ್ ಕಾಫಿ. ಆಸ್ಟ್ರೇಲಿಯಾದಲ್ಲಿ ಖಾಯಂ ಆಗಿ ನೆಲೆಸುವ ವೀಸಾಕ್ಕೆ, ಅಂದರೆ ಪಿಆರ್‌ಗೆ, ಪಾಯಿಂಟ್ ಲೆಕ್ಕ ಹಾಕುತ್ತಾರೆ. ನನಗೆ ವಯಸ್ಸಿಗೆ 30, ಡಿಗ್ರಿಗೆ 15, ಅನುಭವಕ್ಕೆ 10, ಮದುವೆಯಾಗಿಲ್ಲ ಅಂತ 10. ಇನ್ನೂ ಬರೆಯದ ಇಂಗ್ಲಿಷ್ ಪರೀಕ್ಷೆಗೂ ಒಂದು 10 ಸೇರಿಸಿದರು. ‘ಸರ್, ನಿಮ್ಮದು 75. ಬೇಕಾಗಿರೋದು 65. ಪಿಆರ್ ಗ್ಯಾರಂಟಿ’ ಅಂದರು. ಲೆಕ್ಕದವನಾಗಿ ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

65 ಅನ್ನೋದು ಸಾಲಿನಲ್ಲಿ ನಿಲ್ಲೋಕೆ ಬೇಕಾದ ಪಾಯಿಂಟು, ಅಷ್ಟೇ. ಒಳಗೆ ಕರೆಯೋದು ಜಾಸ್ತಿ ಪಾಯಿಂಟ್ ಇರುವವರನ್ನು ಮೊದಲು. ಅಕೌಂಟೆಂಟ್‌ಗಳ ಸಾಲು ಎಷ್ಟು ಉದ್ದ ಅಂದರೆ, ಇತ್ತೀಚಿನ ವರ್ಷಗಳಲ್ಲಿ 189 ವೀಸಾಕ್ಕೆ (ರಾಜ್ಯದ ನಾಮಿನೇಷನ್ ಬೇಡದ ಪಿಆರ್) 90ರ ಮೇಲಿದ್ದವರೇ ಉಸಿರು ಬಿಗಿಹಿಡಿದು ಕೂತಿದ್ದಾರೆ. ಇದನ್ನು ಆ ಎಸಿ ರೂಮಿನಲ್ಲಿ ಯಾರೂ ಹೇಳಲಿಲ್ಲ. ಕೊಟ್ಟ ದುಡ್ಡಿನಲ್ಲಿ 30,000ಕ್ಕೆ ‘ಇಒಐ ಫೀಸು’ ಅಂತ ರಸೀದಿ ಹರಿದಿದ್ದರು. ಇಒಐ ಅಂದರೆ ಸರ್ಕಾರದ ಸ್ಕಿಲ್‌ಸೆಲೆಕ್ಟ್ ಅನ್ನೋ ವೆಬ್‌ಸೈಟಿನಲ್ಲಿ ‘ನನಗೂ ಬರೋ ಆಸೆ ಇದೆ’ ಅಂತ ಹೆಸರು ಹಚ್ಚುವುದು. ಅದಕ್ಕೆ ಒಂದು ಸೆಂಟೂ ಇಲ್ಲ. ಮೂರು ತಿಂಗಳು ಅಲೆದು 20,000 ವಾಪಸ್ ತಂದೆ. ಉಳಿದದ್ದಕ್ಕೆ ಎಳ್ಳು ನೀರು.

ಹಾಗಾಗಿ ಇಲ್ಲಿ ಹುಡುಕುವಾಗ ಮೊದಲು ನಂಬರ್ ನೋಡಿದೆ. ಆಸ್ಟ್ರೇಲಿಯಾದಲ್ಲಿ ದುಡ್ಡು ತಗೊಂಡು ವೀಸಾ ಸಲಹೆ ಕೊಡಬೇಕಾದರೆ ವಕೀಲರಾಗಿರಬೇಕು, ಇಲ್ಲವೇ ನೋಂದಾಯಿತ ಮೈಗ್ರೇಷನ್ ಏಜೆಂಟ್ ಆಗಿರಬೇಕು. ಅವರಿಗೆ ಏಳಂಕಿಯ ಒಂದು ನಂಬರ್ ಇರುತ್ತದೆ, ಅದನ್ನು ಸರ್ಕಾರದ ಪಟ್ಟಿಯಲ್ಲಿ ಹಾಕಿ ನೋಡಬಹುದು. ಎರಡು ನಿಮಿಷದ ಕೆಲಸ. ನಮ್ಮ ಜನ ಐದು ನೂರರ ಚಪ್ಪಲಿ ಕೊಳ್ಳೋಕೆ ಹತ್ತು ರಿವ್ಯೂ ಓದುತ್ತಾರೆ, ಇದನ್ನು ಮಾತ್ರ ನೋಡುವುದಿಲ್ಲ. ನಾನೂ ಅವರಲ್ಲೊಬ್ಬನಾಗಿದ್ದೆ.

ಆಫೀಸು ಕಿಂಗ್ ವಿಲಿಯಂ ಸ್ಟ್ರೀಟ್ ಹತ್ತಿರ, ಮೊದಲ ಮಹಡಿ. ಸಿಟಿಯೊಳಗೆ ಟ್ರಾಮ್ ಫ್ರೀ, ಇಳಿದರೆ ನಾಲ್ಕು ಹೆಜ್ಜೆ. ಗೋಡೆ ಮೇಲೆ ಕಾಂಗರೂ ಇಲ್ಲ. ಸುಮಾರು ಐವತ್ತೈದರ ಒಬ್ಬ ಹೆಂಗಸು, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಪೆನ್ಸಿಲು. ಒಂದು ಗಂಟೆಗೆ 220 ಡಾಲರ್. ಮನಸ್ಸಿನಲ್ಲೇ ಗುಣಿಸಿದೆ, 12,000 ರೂಪಾಯಿ. ನಾನು ಮಾತು ಶುರು ಮಾಡುವ ಮೊದಲೇ ಗ್ರಾಹಕರ ಹಕ್ಕುಗಳ ಕೈಪಿಡಿಯೊಂದನ್ನು ಮುಂದಿಟ್ಟರು. ಅದನ್ನು ಕೊಡಲೇಬೇಕಂತೆ.

ನನ್ನ ಫೈಲಿನಲ್ಲಿ ಅವರು ಮೊದಲು ಎತ್ತಿಕೊಂಡಿದ್ದು ಪೀಣ್ಯದ ಅನುಭವ ಪತ್ರ. ಓದಿದರು. ಇನ್ನೊಮ್ಮೆ ಓದಿದರು. ಬ್ಯಾಂಕ್ ರೀಕನ್ಸಿಲಿಯೇಷನ್, ಜಿಎಸ್‌ಟಿ ಎಂಟ್ರಿ, ಟಿಡಿಎಸ್, ಓಚರ್, ಪೆಟ್ಟಿ ಕ್ಯಾಶ್. ಒಂದೊಂದೇ ಸಾಲು ನೋಡಿ, ಹೆಚ್ಚಿನವುಗಳ ಪಕ್ಕ ಪೆನ್ಸಿಲಿನಲ್ಲಿ ‘ಬಿ’ ಅಂತ ಬರೆಯುತ್ತಾ ಹೋದರು. ಬಿ ಅಂದರೆ ಬುಕ್‌ಕೀಪರ್. ‘ಹನ್ನೊಂದು ಸಾಲಿನಲ್ಲಿ ಒಂಬತ್ತು ಬುಕ್‌ಕೀಪರ್ ಕೆಲಸ. ಇದು 221111 ಅಲ್ಲ’ ಅಂದರು. 221111 ಅಂದರೆ ಸರ್ಕಾರದ ಉದ್ಯೋಗ ಪಟ್ಟಿಯಲ್ಲಿ ಅಕೌಂಟೆಂಟ್‌ನ ಕೋಡ್. ಬುಕ್‌ಕೀಪರ್‌ಗೆ ಬೇರೆಯದೇ ಕೋಡು, ಆ ಅನುಭವ ಅಕೌಂಟೆಂಟ್ ಲೆಕ್ಕಕ್ಕೆ ಬರುವುದಿಲ್ಲ.

ನನಗೆ ಸಿಟ್ಟು ಬಂತು. ಏಳು ವರ್ಷ ಮಾರ್ಚ್ ಕೊನೆಯಲ್ಲಿ ರಾತ್ರಿ ಹನ್ನೆರಡರವರೆಗೆ ಕೂತವನು ನಾನು. ಪೀಣ್ಯದ ಸಾಹೇಬರಿಗೆ ಫೋನ್ ಮಾಡಿದರೆ ‘ಏನು ಬೇಕೋ ಬರ್ಕೊಂಡು ಕಳ್ಸಪ್ಪ, ಸೈನ್ ಹಾಕ್ತೀನಿ’ ಅನ್ನುತ್ತಾರೆ, ಅಷ್ಟು ಒಳ್ಳೆಯವರು. ಅದನ್ನೇ ಇವರಿಗೆ ಹೇಳಿದೆ. ಪೆನ್ಸಿಲ್ ಕೆಳಗಿಟ್ಟರು. ‘ಹಾಗೆ ಬರೆಸಿಕೊಂಡು ಬಂದರೆ ನಾನು ನಿಮ್ಮ ಫೈಲ್ ಮುಟ್ಟುವುದಿಲ್ಲ. ಸಿಕ್ಕಿಬಿದ್ದರೆ ಮೂರು ವರ್ಷ ವೀಸಾ ಇಲ್ಲ. ಹತ್ತು ಪಾಯಿಂಟಿಗೆ ಇದು ಬೇಕಾ?’ ಬೆಂಗಳೂರಿನಲ್ಲಿ ಸಲೀಸಾಗಿ ಕೊಟ್ಟಿದ್ದ 10 ಪಾಯಿಂಟು ಇಲ್ಲಿ ಸೊನ್ನೆ ಆಯಿತು. ಹೊಟ್ಟೆ ಉರಿಯಿತು ನಿಜ, ಆದರೆ ಈ ಹೆಂಗಸಿನ ಮೇಲೆ ನಂಬಿಕೆ ಬಂದದ್ದೂ ಆ ಕ್ಷಣವೇ.

ಆಮೇಲೆ ಲೆಕ್ಕ. ವಯಸ್ಸಿಗೆ 30. ಇಲ್ಲಿನ ಮಾಸ್ಟರ್ಸ್‌ಗೆ 15. ಇಲ್ಲಿ ಓದಿದ್ದಕ್ಕೆ 5, ಅಡಿಲೇಡ್ ‘ರೀಜನಲ್’ ಪಟ್ಟಿಯಲ್ಲಿರುವುದರಿಂದ ಇನ್ನೊಂದು 5. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ನಲ್ಲಿ ಓದಿದವರಿಗೆ ಈ ಕೊನೆಯ ಐದು ಇಲ್ಲ. ಒಂಟಿ ಅಂತ 10. ಇಂಗ್ಲಿಷಿಗೆ 10. ಒಟ್ಟು 75. ಮೂರು ವರ್ಷ ಕಳೆದು, ಅರ್ಧ ಮನೆ ಕಟ್ಟುವಷ್ಟು ಫೀಸು ಕೊಟ್ಟು ತಿರುಗಿ ಅದೇ 75ಕ್ಕೆ ಬಂದು ನಿಂತಿದ್ದೆ! ವ್ಯತ್ಯಾಸ ಇಷ್ಟೇ, ಈ ಸಲದ್ದು ನಿಜವಾದ 75.

‘ಮದುವೆ ಯಾವಾಗ?’ ಅಂತ ಕೇಳಿದರು. ಅಮ್ಮನನ್ನು ಬಿಟ್ಟರೆ ಈ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ ಕೇಳಿದವರು ಇವರೊಬ್ಬರೇ. ಒಂಟಿಗೆ 10. ಮದುವೆಯಾದರೆ, ಹುಡುಗಿ ಬರೀ ಇಂಗ್ಲಿಷ್ ಪರೀಕ್ಷೆ ಪಾಸಾಗಿದ್ದರೆ 5. ಅವಳ ಉದ್ಯೋಗಕ್ಕೂ ಸ್ಕಿಲ್ ಅಸೆಸ್‌ಮೆಂಟ್ (ಕೌಶಲ್ಯದ ಪರಿಶೀಲನೆ) ಆಗಿದ್ದರೆ 10. ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮದುವಿ ಆದ್ರೆ ಮಾರ್ಕ್ಸ್ ಕಟ್ ಮಾಡೋ ದೇಶ ಅದ್ಯಾವ್ದಪ್ಪಾ’ ಅಂದರು.

ಇನ್ನು 15–20 ಪಾಯಿಂಟ್ ಎಲ್ಲಿಂದ ತರೋದು? ಯೂನಿವರ್ಸಿಟಿಗೆ ಸೇರಿಸಿದ ‘ಫ್ರೀ’ ಎಜುಕೇಷನ್ ಏಜೆಂಟ್ ವಾರಕ್ಕೊಮ್ಮೆ ಫೋನ್ ಮಾಡಿ, ಪ್ರೊಫೆಷನಲ್ ಇಯರ್ ಸೇರು ಅನ್ನುತ್ತಿದ್ದ. ಫ್ರೀ ಯಾಕೆ ಅಂದರೆ ಅವರಿಗೆ ದುಡ್ಡು ಕಾಲೇಜಿನಿಂದ ಬರುತ್ತದೆ. ಪ್ರೊಫೆಷನಲ್ ಇಯರ್ ಅಂದರೆ 44 ವಾರದ ಕೋರ್ಸು, ಅದರಲ್ಲಿ 12 ವಾರ ಇಂಟರ್ನ್‌ಶಿಪ್. ನನಗೆ ಕೊಟ್ಟ ಕೊಟೇಷನ್ 11,000 ಡಾಲರ್. ಸಿಗೋದು 5 ಪಾಯಿಂಟು. ನಮ್ಮ ವೀಸಾ ಏಜೆಂಟ್ ಕೇಳಿದರು, ‘ನೀವು ಈಗ ಅಕೌಂಟೆಂಟ್ ಆಗಿ ಕೆಲಸ ಮಾಡುತ್ತಿದ್ದೀರಿ ಅಲ್ವಾ? ಇಲ್ಲಿ 12 ತಿಂಗಳು ಅದೇ ಕೆಲಸ ಮಾಡಿದರೂ 5 ಪಾಯಿಂಟೇ. ಅದಕ್ಕೆ ಅವರೇ ನಿಮಗೆ ಸಂಬಳ ಕೊಡುತ್ತಾರೆ.’ 220 ಡಾಲರ್ ಆ ಒಂದು ಮಾತಿಗೇ ವಸೂಲಾಯಿತು. ಕೆಲಸ ಇಲ್ಲದೆ ಕೂತಿರುವವರಿಗೆ ಪ್ರೊಫೆಷನಲ್ ಇಯರ್ ಬೇಕಾಗಬಹುದು, ಅದನ್ನೂ ಅವರೇ ಹೇಳಿದರು.

ಇಂಗ್ಲಿಷು. ಪಿಟಿಇ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ ಆಗ (2025ರ ಆಗಸ್ಟಿಗೆ ಮುಂಚೆ) ನಾಲ್ಕೂ ವಿಭಾಗದಲ್ಲಿ 79 ಬಂದರೆ 20 ಪಾಯಿಂಟು, 65 ಬಂದರೆ 10 ಇತ್ತು. ನನಗೆ ಮೂರರಲ್ಲಿ 80ರ ಮೇಲೆ, ರೈಟಿಂಗ್ ಮಾತ್ರ 77. ಎರಡು ಅಂಕಕ್ಕೆ ಹತ್ತು ಪಾಯಿಂಟ್ ಹೋಗಿತ್ತು. ಆಗಸ್ಟಿನಲ್ಲಿ ಮತ್ತೆ ಬರೆದು ದಾಟಿದೆ.

ಉಳಿದದ್ದು ಸಿಸಿಎಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ನಮ್ಮ ಭಾಷೆಯ ಪರೀಕ್ಷೆ. ನಾಟಿ (NAATI) ಅನ್ನೋ ಸಂಸ್ಥೆ ನಡೆಸುತ್ತದೆ. ಇಂಗ್ಲಿಷ್ ಮಾತಾಡುವ ಒಬ್ಬರು, ಕನ್ನಡ ಮಾತಾಡುವ ಒಬ್ಬರು, ನಡುವೆ ದುಭಾಷಿ ನೀವು. ಎರಡು ಸಂಭಾಷಣೆ, ಒಟ್ಟು 90 ಅಂಕ, ಪಾಸಾಗಲು 63 ಬೇಕು. ಒಂದೊಂದರಲ್ಲೂ 29ಕ್ಕಿಂತ ಕಡಿಮೆ ಬರಬಾರದು. ಫೀಸು ನಾನು ಬರೆದಾಗ 800 ಡಾಲರ್ ಚಿಲ್ಲರೆ, ಪಾಯಿಂಟು 5.

ಕನ್ನಡ ತಾನೇ, ಏನು ಮಹಾ ಅಂದುಕೊಂಡೆ. ಮೊದಲ ದಿನ ಅಭ್ಯಾಸಕ್ಕೆ ಕೂತಾಗ ಬಣ್ಣ ಬಯಲಾಯಿತು. ಟೆನೆಂಟ್ ಅನ್ನೋದಕ್ಕೆ ನನ್ನ ಬಾಯಲ್ಲಿ ಬಂದದ್ದು ‘ಟೆನೆಂಟು’. ಬಾಡಿಗೆದಾರ ಅನ್ನೋ ಪದ ಗೊತ್ತಿಲ್ಲ ಅಂತಲ್ಲ, ಹತ್ತು ವರ್ಷದಿಂದ ನಾಲಿಗೆ ಮೇಲೆ ಬಂದಿರಲಿಲ್ಲ. ಕನ್ಸೆಷನ್‌ಗೆ ರಿಯಾಯಿತಿ, ಕಂಪ್ಲೇಂಟ್‌ಗೆ ದೂರು, ಮಾರ್ಟ್‌ಗೇಜ್‌ಗೆ ಅಡಮಾನ. ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ ಬರೆದುಕೊಂಡೆ, ಡೆಬಿಟ್ ಕ್ರೆಡಿಟ್ ತರಹ. ಸೂಪರ್‌ಆನ್ಯುಯೇಷನ್‌ಗೆ ಏನು ಹೇಳೋದು ಅಂತ ಎರಡು ದಿನ ಒದ್ದಾಡಿ, ಕೊನೆಗೆ ‘ನಿವೃತ್ತಿ ನಿಧಿ’ ಅಂತ ಬರೆದುಕೊಂಡೆ.

ರಾತ್ರಿ ಅಮ್ಮ ಫೋನಿನಲ್ಲಿ ಪ್ರಜಾವಾಣಿ ಓದುವುದು, ಒಂದೊಂದು ವಾಕ್ಯಕ್ಕೆ ನಿಲ್ಲಿಸುವುದು, ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುವುದು. ಆರು ವಾರ ಹೀಗೇ ನಡೆಯಿತು. ಅಮ್ಮನಿಗೆ ಎಷ್ಟು ಅಭ್ಯಾಸವಾಯಿತು ಅಂದರೆ, ನಾನು ತಡವರಿಸಿದರೆ ‘ಮೂವತ್ತು ಪದ ಆತು, ಹೇಳೋ’ ಅನ್ನೋರು. ಒಂದು ತುಂಡಿನಲ್ಲಿ 35ಕ್ಕಿಂತ ಜಾಸ್ತಿ ಪದ ಇರಲ್ಲ ಅಂತ ನಾನೇ ಹೇಳಿಕೊಟ್ಟಿದ್ದೆ. ಅಂಕ 71. ಒಂಬತ್ತನೇ ಕ್ಲಾಸಿನ ಕನ್ನಡ ಮೇಷ್ಟ್ರಿಗೆ ಇದು ಗೊತ್ತಾದರೆ ನಂಬಲಿಕ್ಕಿಲ್ಲ.

ಹಾಗೆ 90 ಆಯಿತು. ಆದರೂ 189 ಅನುಮಾನವೇ ಅಂದರು ಏಜೆಂಟ್. 190 ಆದರೆ ರಾಜ್ಯದ ನಾಮಿನೇಷನ್, 5 ಪಾಯಿಂಟ್ ಸೇರುತ್ತದೆ. 491 ಆದರೂ ರಾಜ್ಯವೇ, 15 ಸೇರುತ್ತದೆ. ಬೇರೆಯವರು ಆ 15 ತೋರಿಸಿ ಖುಷಿಪಡಿಸುತ್ತಾರೆ. ಇವರು ಮೊದಲ ವಾಕ್ಯದಲ್ಲೇ ‘491 ಪಿಆರ್ ಅಲ್ಲ’ ಅಂದರು. ನಾನು ಅದನ್ನು ಅರ್ಥ ಮಾಡಿಕೊಂಡದ್ದು ಹೀಗೆ: 189, 190 ಸಿಕ್ಕಿದವರು ನಡುಮನೆಗೆ ಹೋಗುತ್ತಾರೆ, 491ನವರು ಜಗುಲಿ ಮೇಲೆ ಕೂರುತ್ತಾರೆ. ಐದು ವರ್ಷದ ವೀಸಾ. ರೀಜನಲ್ ಜಾಗದಲ್ಲೇ ಇರಬೇಕು, ಅಲ್ಲೇ ದುಡಿಯಬೇಕು. ಮೂರು ವರ್ಷದ ತೆರಿಗೆ ಪತ್ರ ಕೈಗೆ ಬಂದ ಮೇಲೆ 191ಕ್ಕೆ ಅರ್ಜಿ, ಅದು ಪಿಆರ್. ಅಷ್ಟರೊಳಗೆ ಮನಸ್ಸು ಬದಲಾಯಿಸಿ 189ಕ್ಕೋ 190ಕ್ಕೋ ಹಾರಲು ಬಿಡುವುದಿಲ್ಲ. ಮೆಡಿಕೇರ್, ಅಂದರೆ ಸರ್ಕಾರಿ ಆರೋಗ್ಯ ಸೌಲಭ್ಯ, ಸಿಗುತ್ತದೆ. ಜಗುಲಿಗೆ ನೆರಳಿದೆ ಅಂತ ಇಟ್ಟುಕೊಳ್ಳಿ.

ನನಗೆ 2025ರ ಸೆಪ್ಟೆಂಬರ್‌ಗೆ 33 ತುಂಬುವುದಿತ್ತು. 33ಕ್ಕೆ ವಯಸ್ಸಿನ ಪಾಯಿಂಟ್ 30ರಿಂದ 25ಕ್ಕೆ ಇಳಿಯುತ್ತದೆ. ಕಾಯುವುದಾ, ಜಗುಲಿ ಹತ್ತುವುದಾ? ನೀವೇ ಹೇಳಿ ಅಂದೆ. ‘ಅದು ನಿಮ್ಮ ನಿರ್ಧಾರ’ ಅಂದರು. ಸ್ವಲ್ಪ ಬೇಜಾರಾಯಿತು. ಆದರೆ ಇಒಐ ನೀವೇ ಹಾಕಿಕೊಳ್ಳಿ, ಅದಕ್ಕೆ ನನಗೆ ದುಡ್ಡು ಕೊಡಬೇಡಿ ಅಂದರು. ಸೌತ್ ಆಸ್ಟ್ರೇಲಿಯಾ 2025ರ ಫೆಬ್ರವರಿಯಲ್ಲಿ 491ಕ್ಕೆ ಕರೆಯಿತು. ಹತ್ತಿದೆ.

ಈಗ ಆ ಕಿತ್ತುಕೊಂಡ ಸ್ಟಾರ್. ಆಹ್ವಾನ ಬಂದ ಮೇಲೆ 60 ದಿನದೊಳಗೆ ಅರ್ಜಿ ಹಾಕಬೇಕು. ಫೈಲನ್ನು ಅವರಿಗೇ ಒಪ್ಪಿಸಿದೆ, 3,300 ಡಾಲರ್. ಸರ್ಕಾರದ ಫೀಸು 4,765 ಬೇರೆ. ದುಡ್ಡು ಕಟ್ಟಿದ ಮೇಲೆ ಆರು ದಿನ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ ಅಸಿಸ್ಟೆಂಟ್ ಹುಡುಗ. ಅವನು ನಮ್ಮ ಅಪ್ಪನ ಹೆಸರನ್ನು ನನ್ನ ಸರ್‌ನೇಮ್ ಮಾಡಿ, ಊರಿನ ಇನಿಷಿಯಲ್ಲನ್ನು ಮಧ್ಯದ ಹೆಸರು ಮಾಡಿಟ್ಟಿದ್ದ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು. ಇಬ್ಬರೂ ಒಬ್ಬನೇ ಅಂತ ದಾವಣಗೆರೆಯಲ್ಲಿ ಮಾವ ನೋಟರಿ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿ ಕಳಿಸಬೇಕಾಯಿತು. ನಮ್ಮ ಕಡೆಯವರ ಹೆಸರಿನ ರೀತಿ ಗೊತ್ತಿಲ್ಲದವರು ಒಂದು ಮಾತು ಕೇಳಬಹುದಿತ್ತು. ಮೊದಲ ಗಂಟೆಗೆ ಸಿಕ್ಕ ಗಮನ 3,300 ಡಾಲರ್ ಕೊಟ್ಟ ಮೇಲೆ ಸಿಗಲಿಲ್ಲ. ಹಾಗಾಗಿ ಸಲಹೆಗೆ ಐದು, ಫೈಲ್ ಕೆಲಸಕ್ಕೆ ಮೂರು, ಸರಾಸರಿ ನಾಲ್ಕು.

ಅರ್ಜಿ ಹಾಕಿದ ಮೇಲೂ ಕೆಲಸ ಮುಗಿದಿರಲಿಲ್ಲ. ಫಾರ್ಮ್ 80 ಅಂತ ಒಂದಿದೆ, ಹತ್ತು ವರ್ಷದಲ್ಲಿ ಎಲ್ಲೆಲ್ಲಿ ವಾಸವಿದ್ದೆ ಅಂತ ಎಲ್ಲಾ ವಿಳಾಸ ಬರೆಯಬೇಕು. ಪೀಣ್ಯದ ಎರಡು ಪಿಜಿ, ದಾಸರಹಳ್ಳಿಯ ಒಂದು ರೂಮು, ಎಲ್ಲ ಬರೆದೆ. ಎರಡು ದಿನ ಬಿಟ್ಟು ಏಜೆಂಟ್ ಕಡೆಯಿಂದ ಮೇಲ್ ಬಂತು. ಪಾಸ್‌ಪೋರ್ಟಿನಲ್ಲಿ ನಿಮ್ಮ ಊರಿನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ‘ಎ’ ಕಡಿಮೆ ಇದೆ, ಫಾರ್ಮಿನಲ್ಲಿ ಜಾಸ್ತಿ ಇದೆ, ಯಾವುದು ಸರಿ?

ಎರಡೂ ಸರಿ ಅಂತ ಬರೆದು ಕಳಿಸಿದೆ.