ಯುಗಾದಿ ಚೀಟಿಗೆ ಕಟ್ಟಿದ 12,000 ಹೋಯಿತು, ನೀವು ಕಟ್ಟಬೇಡಿ

ಈ ಸಲ, 2026ರಲ್ಲಿ, ಯುಗಾದಿ ಮಾರ್ಚ್ 19ಕ್ಕೆ. ಹಬ್ಬ ಮುಗಿದ ವಾರದಲ್ಲೇ ನಿಮ್ಮ ಬೀದಿಗೂ ಯಾರಾದರೂ ಹಬ್ಬದ ಚೀಟಿಯ ಹೊಸ ಕಾರ್ಡು ಹಂಚಿಕೊಂಡು ಬರಬಹುದು. ತಿಂಗಳಿಗೆ 500 ಕಟ್ಟಿ, ಮುಂದಿನ ಯುಗಾದಿಗೆ ಅಕ್ಕಿ, ಬೇಳೆ, ಎಣ್ಣೆ, ಮಾರನೇ ದಿನದ ಹೊಸತೊಡಕಿಗೆ ಮಟನ್, ಎಲ್ಲ ಮನೆ ಬಾಗಿಲಿಗೆ ಅನ್ನುತ್ತಾರೆ. ಆ ಕಾರ್ಡು ತಗೊಳ್ಳುವ ಮುಂಚೆ ನಮ್ಮ ಮನೆಯ ಕಥೆ ಕೇಳಿ.

ನಾವಿರುವುದು ಬೆಂಗಳೂರಿನ ಪಶ್ಚಿಮದ ಕಡೆ, ಬಾಡಿಗೆ ಮನೆ. ನನ್ನ ಗಂಡ ಗೂಡ್ಸ್ ಗಾಡಿ ಓಡಿಸುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮಂಥವರಿಗೆ ತಿಂಗಳ ಖರ್ಚು ಹೇಗೋ ಸರಿದೂಗುತ್ತದೆ. ಸರಿದೂಗದೇ ಇರುವುದು ಹಬ್ಬ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ, ಸಂಕ್ರಾಂತಿ ಅಂತ ಒಂದರ ಹಿಂದೆ ಒಂದು ಬಂದು, ಯುಗಾದಿ ಹೊತ್ತಿಗೆ ಕೈ ಖಾಲಿ. ಆಗಲೇ ಮಗಳ ಸ್ಕೂಲ್ ಫೀಸಿನ ಮೊದಲ ಕಂತೂ ಬರುತ್ತದೆ. ಅದಕ್ಕೇ ವರ್ಷವಿಡೀ ಸ್ವಲ್ಪ ಸ್ವಲ್ಪ ಕಟ್ಟಿ ಹಬ್ಬಕ್ಕೆ ಸಾಮಾನು ತಗೊಳ್ಳುವುದು ಅಂದಾಗ ಒಳ್ಳೆಯದೇ ಅನ್ನಿಸಿತು. ಆ ಯೋಚನೆ ಈಗಲೂ ತಪ್ಪು ಅಂತ ನಾನು ಹೇಳುವುದಿಲ್ಲ. ದುಡ್ಡು ಕೊಟ್ಟಿದ್ದು ತಪ್ಪು ಕೈಗೆ.

ಮೊದಲ ವರ್ಷ ಒಂದೇ ಕಾರ್ಡು ಹಾಕಿದ್ದೆ. ಎಲ್ಲ ಸರಿಯಾಗಿ ಬಂತು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ನಾವು ಮೋಸ ಹೋಗಿದ್ದೇ ಇದರಿಂದ. 2024ರ ಏಪ್ರಿಲ್ 9ರ ಯುಗಾದಿಗೆ ಎರಡು ದಿನ ಮುಂಚೆ ಮೂಟೆ ಬಂದು ಬಾಗಿಲಲ್ಲಿ ಇಳಿಯಿತು. ಹೊಸತೊಡಕಿನ ದಿನ ಬೆಳಿಗ್ಗೆ ಆರಕ್ಕೆಲ್ಲ ಮಾಂಸ ಬಂತು. ಬೀದಿಯವರೆಲ್ಲ ನೋಡಿದರು. ಅದೇ ಅವರ ಜಾಹೀರಾತು. ಮುಂದಿನ ವರ್ಷಕ್ಕೆ ನಾನು ಎರಡು ಕಾರ್ಡು ಮಾಡಿದೆ, ಒಂದು ನಮಗೆ, ಇನ್ನೊಂದು ನಮ್ಮಮ್ಮನಿಗೆ. ತಿಂಗಳಿಗೆ 1,000. ಗೃಹಲಕ್ಷ್ಮಿ ದುಡ್ಡು ಬಂದ ತಿಂಗಳು ಅದರಲ್ಲೇ ತೆಗೆದು ಕಟ್ಟುತ್ತಿದ್ದೆ.

ಅಷ್ಟೇ ಆಗಿದ್ದರೆ ನನ್ನ ನಷ್ಟ ನನಗೆ. ಹತ್ತು ಜನರನ್ನು ಸೇರಿಸಿದರೆ ನಿಮ್ಮ ಕಾರ್ಡು ಫ್ರೀ ಅಂದರು ಚೀಟಿ ನಡೆಸುವವರು. ಹತ್ತು ಜನ ಸಿಗಲಿಲ್ಲ, ಆರು ಜನರನ್ನು ಸೇರಿಸಿದೆ. ನಾದಿನಿ, ಬ್ಲೌಸ್ ಹೊಲಿಸಲು ಬರುವ ನಾಲ್ವರು, ಆಮೇಲೆ ಪಕ್ಕದ ಮನೆ ಅಕ್ಕ. ಆ ಅಕ್ಕ ನಾಲ್ಕು ಮನೆಯಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಬದುಕುವವರು. "ನೀನು ಹೇಳಿದ್ರೆ ಸರಿ ಕಣಮ್ಮ" ಅಂತ ಕಟ್ಟಿದರು.

ಕಾರ್ಡಿನ ಹಿಂದೆ ಸಾಮಾನಿನ ಪಟ್ಟಿ ಇತ್ತು. ದುಡ್ಡು ಹೋದ ಮೇಲೆ ಕೂತು ಅದರ ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಅಕ್ಕಿ 25 ಕೆಜಿ, ಸುಮಾರು 1,500. ತೊಗರಿಬೇಳೆ 3 ಕೆಜಿ, 450. ಎಣ್ಣೆ 5 ಲೀಟರ್, 750. ಕಡಲೆಬೇಳೆ, ಬೆಲ್ಲ ಸೇರಿ 350. ಮಟನ್ 3 ಕೆಜಿ, ನಮ್ಮ ಏರಿಯಾದ ರೇಟಿನಲ್ಲಿ 2,400. ನಾಟಿ ಕೋಳಿ ಒಂದು, 550. ಬೆಳ್ಳಿ ನಾಣ್ಯ 5 ಗ್ರಾಂ, 500. ಸೀರೆ ಒಂದು, 1,000. ಒಟ್ಟು 7,500. ನಾವು ಕಟ್ಟುವುದು 500ರಂತೆ 12 ತಿಂಗಳು, 6,000. ಅಂದರೆ 1,500 ಜಾಸ್ತಿ ಕೊಡುತ್ತಾರೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ನಮ್ಮ 6,000 ಅವರ ಹತ್ತಿರ ಇಡೀ ವರ್ಷ ಇರುವುದಿಲ್ಲ. ಮೊದಲ ಕಂತು 12 ತಿಂಗಳು ಇರುತ್ತದೆ, ಕೊನೆಯದು ಒಂದೇ ತಿಂಗಳು. ಸರಾಸರಿ ಆರೂವರೆ ತಿಂಗಳು. ಆ ಲೆಕ್ಕದಲ್ಲಿ 1,500 ಅಂದರೆ ವರ್ಷಕ್ಕೆ ಶೇಕಡಾ 46ರಷ್ಟು ಬಡ್ಡಿ. ಇದರ ಮೇಲೆ ಜನ ಸೇರಿಸಿದವರಿಗೆ ಫ್ರೀ ಕಾರ್ಡು ಬೇರೆ. ಹೋಲ್‌ಸೇಲ್‌ನಲ್ಲಿ ತರುತ್ತೇವೆ, ಅದಕ್ಕೇ ಗಿಟ್ಟುತ್ತದೆ ಅನ್ನುತ್ತಾರೆ. ಅಕ್ಕಿ, ಬೇಳೆಯಲ್ಲಿ ಸ್ವಲ್ಪ ಉಳಿಯಬಹುದು. ಹೊಸತೊಡಕಿನ ಹಿಂದಿನ ದಿನ ಕುರಿ ಯಾರಿಗೆ ಕಡಿಮೆಗೆ ಸಿಗುತ್ತದೆ ಹೇಳಿ?

ಹಾಗಾದರೆ ಮೊದಲ ವರ್ಷ ಹೇಗೆ ಕೊಟ್ಟರು? ಮುಂದಿನ ವರ್ಷಕ್ಕೆ ಸೇರುವ ಹೊಸಬರ ದುಡ್ಡು ಬರುತ್ತದೆ ಅನ್ನುವ ಧೈರ್ಯದ ಮೇಲೆ ಕೊಟ್ಟಿರಬೇಕು, ನನಗೆ ಬೇರೆ ದಾರಿ ಕಾಣುವುದಿಲ್ಲ. ನಾನು ಸೇರಿದಾಗ ಅರವತ್ತು ಚಿಲ್ಲರೆ ಕಾರ್ಡು ಇದ್ದವು. ಎರಡನೇ ವರ್ಷ ನಾನೂರು ದಾಟಿತ್ತು ಅಂತ ಪೊಲೀಸ್ ಸ್ಟೇಷನ್ ಮುಂದೆ ಎಲ್ಲರೂ ಸೇರಿದಾಗ ಗೊತ್ತಾಯಿತು.

ಸೂಚನೆಗಳು ಇದ್ದವು, ನಾನು ನೋಡಲಿಲ್ಲ. ದೀಪಾವಳಿ ಆದ ಮೇಲೆ ದುಡ್ಡು ಹಾಕುವ ನಂಬರ್ ಬದಲಾಯಿತು. ಕೇಳಿದರೆ ತಮ್ಮನ ಅಕೌಂಟು ಅಂದರು. ಕಾರ್ಡಿಗೆ ಸಹಿ ಹಾಕುವುದು ನಿಲ್ಲಿಸಿದರು, "ಬುಕ್ಕಲ್ಲಿ ಬರ್ಕೊಂಡಿದೀನಿ ಬಿಡಮ್ಮ" ಅಂತ. ಜನವರಿಯಲ್ಲಿ, ಸಂಕ್ರಾಂತಿ ಹಿಂದಿನ ವಾರ, ಉಳಿದ ಮೂರು ಕಂತು ಒಟ್ಟಿಗೆ ಕಟ್ಟಿದರೆ ಬೆಳ್ಳಿ ದೀಪ ಎಕ್ಸ್‌ಟ್ರಾ ಅಂದರು. ನಾನು ಮಗಳ ಫೀಸಿಗೆ ಅಂತ ಅಡುಗೆಮನೆ ಡಬ್ಬದಲ್ಲಿ ಇಟ್ಟಿದ್ದ 3,000 ತೆಗೆದು ಕಟ್ಟಿದೆ. ನಾನು ತುಂಬಾ ನೊಂದುಕೊಳ್ಳುವುದು ಈ ಮೂರು ಸಾವಿರಕ್ಕೆ. ಸಾಮಾನು ಕೊಡುವವರಿಗೆ ಎರಡು ತಿಂಗಳ ಮುಂಚೆಯೇ ಕೊನೆಯ ಕಂತು ಯಾಕೆ ಬೇಕು? ಯಾರಾದರೂ ಹೀಗೆ ಅವಸರ ಮಾಡಿದರೆ ಅಲ್ಲಿಗೇ ನಿಲ್ಲಿಸಿಬಿಡಿ.

2025ರ ಯುಗಾದಿ ಮಾರ್ಚ್ 30ಕ್ಕೆ, ಭಾನುವಾರ. ಸಾಮಾನು ಒಂದು ವಾರ ಮುಂಚೆ ಅಂದಿದ್ದರು. ಆಮೇಲೆ ಗುರುವಾರ, ಆಮೇಲೆ ಶನಿವಾರ ಸಂಜೆ. ಶನಿವಾರ ಮಧ್ಯಾಹ್ನ ಫೋನ್ ಸ್ವಿಚ್ ಆಫ್. ಹೋಗಿ ನೋಡಿದರೆ ಮನೆಗೆ ಬೀಗ. ಬಾಗಿಲ ಮುಂದೆ ನಮ್ಮಂಥ ಹೆಂಗಸರೇ, ಕೈಯಲ್ಲಿ ಚೀಲ ಹಿಡಿದುಕೊಂಡು. ಸಾಮಾನು ಹೊತ್ತುಕೊಂಡು ಹೋಗಲು ಚೀಲ ತಂದಿದ್ದರು.

ಆ ಹಬ್ಬಕ್ಕೆ ಅಂಗಡಿಯಲ್ಲಿ ಸಾಲ ಹೇಳಿ ಒಬ್ಬಟ್ಟಿಗೆ ಬೇಳೆ, ಬೆಲ್ಲ ತಂದೆ. ಬೇವು ಬೆಲ್ಲ ಕೊಟ್ಟಾಗ ಮಗಳು ಬೇವನ್ನು ಮಾತ್ರ ಬದಿಗೆ ತೆಗೆದಿಟ್ಟಳು, ಪ್ರತಿ ವರ್ಷದ ಹಾಗೆ. ನನಗೆ ಅಳು ಬಂತು. ಮಾರನೇ ದಿನ ಒಂದು ಕೆಜಿ ಮಟನ್ ತಂದು ಎರಡು ಮನೆಗೆ ಹಂಚಿಕೊಂಡೆವು. ಅಷ್ಟರಲ್ಲಿ ಏಪ್ರಿಲ್ 1 ಬಂತು, ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ ಆಯಿತು. ದಿನಕ್ಕೆ ಒಂದು ಲೀಟರ್ ತರುವ ಮನೆಗೆ ತಿಂಗಳಿಗೆ 120. ಹಿಂದೆ ಇದು ದೊಡ್ಡ ವಿಷಯ ಅನ್ನಿಸುತ್ತಿರಲಿಲ್ಲ, ಆಗ ಅನ್ನಿಸಿತು. ಮೇ ತಿಂಗಳಲ್ಲಿ ಫೀಸಿಗೆ ನನ್ನ ಓಲೆ ಅಡವಿಟ್ಟೆವು.

ದೂರು ಕೊಡಲು ಎಲ್ಲರೂ ಒಟ್ಟಿಗೆ ಹೋದೆವು. ಫೋನಿನಲ್ಲಿ ದುಡ್ಡು ಹಾಕಿದವರ ಹತ್ತಿರ ತಾರೀಕು ಸಮೇತ ದಾಖಲೆ ಇತ್ತು. ಕ್ಯಾಶ್ ಕೊಟ್ಟವರ ಹತ್ತಿರ ಸಹಿಯಿಲ್ಲದ ಕಾರ್ಡು ಮಾತ್ರ. ಪಕ್ಕದ ಮನೆ ಅಕ್ಕ ಕೊಟ್ಟಿದ್ದೆಲ್ಲ ಕ್ಯಾಶ್. ಕೇಸ್ ಇನ್ನೂ ನಡೆಯುತ್ತಿದೆ, ಒಂದು ರೂಪಾಯಿಯೂ ವಾಪಸ್ ಬಂದಿಲ್ಲ.

ಆ ಓಡಾಟದಲ್ಲಿ ಕೆಲವು ವಿಷಯ ತಿಳಿದುಕೊಂಡೆ. ಚೀಟಿ ನಡೆಸಲು 1982ರ ಚೀಟಿ ನಿಧಿ ಕಾಯ್ದೆ ಅಂತ ಇದೆ. ಅದರ ಪ್ರಕಾರ ಸರ್ಕಾರದ ಚೀಟಿ ನಿಬಂಧಕರ ಹತ್ತಿರ ಮೊದಲೇ ಅನುಮತಿ ಪಡೆದು ನೋಂದಣಿ ಮಾಡಿಸಬೇಕು. ನಡೆಸುವವರು ಒಂದು ಕಂತಿಗೆ ಎಲ್ಲರಿಂದ ಸೇರುವ ಪೂರ್ತಿ ಮೊತ್ತದಷ್ಟಾದರೂ ಭದ್ರತೆ ಇಡಬೇಕು. ಸೇರಿದ ಪ್ರತಿಯೊಬ್ಬರಿಗೂ ಒಪ್ಪಂದದ ಪ್ರತಿ ಕೊಡಬೇಕು. ಅವರ ಕಮಿಷನ್ ಶೇಕಡಾ 7 ಮೀರುವಂತಿಲ್ಲ. ನಮ್ಮ ಹಬ್ಬದ ಚೀಟಿಗೆ ಇದರಲ್ಲಿ ಒಂದೂ ಇರಲಿಲ್ಲ. ಹೆಸರು ಚೀಟಿ ಅಷ್ಟೇ. ಇನ್ನು 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯಲ್ಲಿ, ಜನರಿಂದ ದುಡ್ಡು ತಗೊಂಡು ಅದನ್ನು ಹಣವಾಗಿಯೋ ವಸ್ತುವಾಗಿಯೋ ವಾಪಸ್ ಕೊಡುತ್ತೇವೆ ಅನ್ನುವುದೂ ಠೇವಣಿಯೇ. "ನಾವು ದುಡ್ಡು ಕೊಡಲ್ಲ, ಸಾಮಾನು ಕೊಡ್ತೀವಿ, ಅದಕ್ಕೆ ಕಾನೂನು ಬರಲ್ಲ" ಅಂತ ಯಾರಾದರೂ ಅಂದರೆ ನಂಬಬೇಡಿ. ಆರ್‌ಬಿಐನ ಸಚೇತ್ ಅನ್ನುವ ಜಾಲತಾಣದಲ್ಲೂ ದೂರು ಹಾಕಬಹುದು.

ನಮ್ಮಮ್ಮನ ಊರು ಮದ್ದೂರಿನ ಹತ್ತಿರ. ಅಲ್ಲಿ ಹೊಸತೊಡಕಿಗೆ ಗುಡ್ಡೆ ಮಾಂಸ ಹಾಕುತ್ತಾರೆ. ಹತ್ತು ಹದಿನೈದು ಮನೆಯವರು ಸೇರಿ ಕುರಿ ತರುತ್ತಾರೆ, ಎಲ್ಲರ ಎದುರಿಗೇ ಕುಯ್ದು, ಸಮನಾಗಿ ಗುಡ್ಡೆ ಹಾಕಿ ಹಂಚುತ್ತಾರೆ. ಅಲ್ಲೂ ಜನ ದುಡ್ಡು ಸೇರಿಸುತ್ತಾರೆ. ಆದರೆ ಕುರಿ ಕಣ್ಣೆದುರಿಗೆ ಇರುತ್ತದೆ, ದುಡ್ಡು ಒಬ್ಬರ ಕೈಯಲ್ಲಿ ವರ್ಷಗಟ್ಟಲೆ ಇರುವುದಿಲ್ಲ. ಅಮ್ಮ ಇದನ್ನೇ ಹೇಳಿದ್ದರು, "ಕಾಣದ ಕುರಿಗೆ ಯಾಕೆ ಕಾಸು ಕೊಡ್ತೀಯವ್ವ" ಅಂತ. ಸಿಟಿಯಲ್ಲಿ ಹಾಗೆಲ್ಲ ಆಗಲ್ಲ ಬಿಡಮ್ಮ ಅಂದಿದ್ದೆ. ಈ ವರ್ಷ ನಮ್ಮ ಬೀದಿಯಲ್ಲೇ ಎಂಟು ಮನೆಯವರು ಗುಡ್ಡೆ ಹಾಕುವುದು ಅಂತ ಮಾತಾಡಿಕೊಂಡಿದ್ದೇವೆ. ದುಡ್ಡು ಹಬ್ಬದ ಹಿಂದಿನ ದಿನ.

ಉಳಿದ ಸಾಮಾನಿಗೆ ಬ್ಯಾಂಕಿನಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಮಾಡಿಸಿದ್ದೇನೆ, ತಿಂಗಳಿಗೆ 500. ಶೇಕಡಾ 6.5 ಬಡ್ಡಿ ಅಂತ ಇಟ್ಟುಕೊಂಡರೆ ವರ್ಷಕ್ಕೆ ಬರುವುದು 210 ರೂಪಾಯಿ. 1,500ರ ಮುಂದೆ ಅದು ಏನೂ ಅಲ್ಲ, ನನಗೂ ಗೊತ್ತು. ಆದರೆ ನನ್ನ 6,000 ಎಲ್ಲೂ ಹೋಗುವುದಿಲ್ಲ, ಹಬ್ಬದ ಮುಂಚೆ ಕೈಗೆ ಬರುತ್ತದೆ. ನಿಮ್ಮ ಆರ್‌ಡಿ ಹಬ್ಬಕ್ಕೆ ಎರಡು ವಾರ ಮುಂಚೆ ಮುಗಿಯುವ ಹಾಗೆ ತಾರೀಕು ನೋಡಿ ಶುರು ಮಾಡಿ, ಯುಗಾದಿ ಪ್ರತಿ ವರ್ಷ ಒಂದೇ ದಿನ ಬರುವುದಿಲ್ಲ. ತೊಗರಿಬೇಳೆಯನ್ನು ಜನವರಿ, ಫೆಬ್ರವರಿಯಲ್ಲೇ ತಂದಿಟ್ಟೆ. ಕಲಬುರಗಿ ಕಡೆಯ ಹೊಸ ತೊಗರಿ ಬರುವ ಕಾಲ ಅದು. ಪಟ್ಟಿಯಲ್ಲಿದ್ದ ಬೆಳ್ಳಿ ನಾಣ್ಯ, ಸೀರೆ ಕೈಬಿಟ್ಟೆ. ನಿಜ ಹೇಳಬೇಕೆಂದರೆ ಅವು ನಮ್ಮ ಹಬ್ಬಕ್ಕೆ ಬೇಕಾಗಿಯೇ ಇರಲಿಲ್ಲ.

ಈಗಾಗಲೇ ಇಂಥ ಚೀಟಿ ಕಟ್ಟುತ್ತಿದ್ದರೆ, ಮುಂದಿನ ಕಂತಿಗೆ ಮುಂಚೆ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ ಕೇಳಿ. ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ, ಕಟ್ಟಿದ್ದನ್ನು ವಾಪಸ್ ಕೇಳಿ. ಹಿಂದೆ ಕಟ್ಟಿದ್ದು ಹೋಗುತ್ತದೆ ಅನ್ನುವ ಭಯಕ್ಕೆ ಮುಂದೆಯೂ ಕಟ್ಟುತ್ತಾ ಹೋಗಬೇಡಿ, ನಾನು ಮಾಡಿದ್ದು ಅದನ್ನೇ. ಕ್ಯಾಶ್ ಕೊಟ್ಟಿದ್ದರೆ ಇವತ್ತೇ ತಾರೀಕು ಬರೆದು ಸಹಿ ಹಾಕಿಸಿಕೊಳ್ಳಿ, ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ದಯವಿಟ್ಟು ಬೇರೆಯವರನ್ನು ಮಾತ್ರ ಸೇರಿಸಬೇಡಿ.

ಪಕ್ಕದ ಮನೆ ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕಳೆದ ಮೇ ತಿಂಗಳಿಂದ ಅವರಿಗೆ ತಿಂಗಳಿಗೆ 500 ಕೊಡುತ್ತಾ ಬಂದಿದ್ದೇನೆ. ಮೊದಲು ಬೇಡ ಅಂದರು, ಆಮೇಲೆ ತಗೊಂಡರು. ಇನ್ನು ಎರಡು ಕಂತು ಇದೆ.